ಸ್ಪೀಕರಿನಲ್ಲಿ ಅಮ್ಮ

ಆಫೀಸಿನಲ್ಲಿ ಅವಳನ್ನು ಎಲ್ಲರೂ ರೀಸ್ಟಾರ್ಟ್ ಅಕ್ಕ ಎಂದೇ ಕರೆಯುತ್ತಿದ್ದರು. ಯಾರು ಏನು ತೊಂದರೆ ಹೇಳಿಕೊಂಡು ಬಂದರೂ ತಲೆಯೆತ್ತದೆ "ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ" ಎನ್ನುವುದು ಅವಳ ಅಭ್ಯಾಸ. ಪ್ರಿಂಟರ್ ಕಾಗದ ನುಂಗಿದರೂ ಅದೇ ಮದ್ದು, ಕಾಫಿ ಮಷೀನ್ ಬರೀ ಬಿಸಿನೀರು ಉಗುಳಿದರೂ ಅದೇ ಮದ್ದು. ಗಂಡನ ಜೊತೆ ಮಾತು ಬಿಟ್ಟಿದ್ದೇನೆ ಎಂದು ಪಕ್ಕದ ಮೇಜಿನವಳು ಕಣ್ಣು ಒರೆಸಿಕೊಳ್ಳುತ್ತಾ ಬಂದಾಗಲೂ ಬಾಯಿತಪ್ಪಿ ಅದನ್ನೇ ಹೇಳಿಬಿಟ್ಟಳು. ಅವಳು ಅಳು ನಿಲ್ಲಿಸಿ ನಕ್ಕು, ಮನೆಗೆ ಹೋಗಿ ಗಂಡನ ಜೊತೆ ಮೊದಲಿನಿಂದ ಶುರು ಮಾಡಿ, ಈಗ ಚೆನ್ನಾಗಿಯೇ ಇದ್ದಾಳೆ. ಕೈಗುಣ ಎನ್ನುವುದು ಡಾಕ್ಟರಿಗೆ ಮಾತ್ರ ಇರಬೇಕೆಂದೇನೂ ಇಲ್ಲವಲ್ಲ.

ಪ್ರೋಗ್ರಾಮ್ ಬರೆಯುವುದು ಅವಳ ಕಸುಬು. ಆದರೆ ಅದನ್ನು ನೆಂಟರಿಗೆ ತಿಳಿಸಿ ಹೇಳುವುದಿದೆಯಲ್ಲ, ಅದಕ್ಕಿಂತ ಪ್ರೋಗ್ರಾಮ್ ಬರೆಯುವುದೇ ಸುಲಭ. ಕಂಪ್ಯೂಟರ್ ಎಂಬ ಪದ ಬಾಯಿಂದ ಬಿದ್ದರೆ ಸಾಕು, ಸತ್ತ ಟಿವಿ, ಅರೆಜೀವದ ರಿಮೋಟು, ನೀರಿಗೆ ಬಿದ್ದ ಮೊಬೈಲುಗಳೆಲ್ಲ ಅವಳ ಮನೆಬಾಗಿಲಿಗೆ ಬರುತ್ತಿದ್ದವು. ಸೋದರಮಾವನೊಬ್ಬ ಒಂದು ಭಾನುವಾರ ಮಿಕ್ಸಿಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದ. "ಮಾವ, ಇದು ನಂಗೆ ಬರಲ್ಲ" ಎಂದರೆ, "ಅದೂ ಕರೆಂಟಲ್ಲೇ ಓಡೋದಲ್ವೇನಮ್ಮ?" ಎಂದು ಬೇಜಾರು ಮಾಡಿಕೊಂಡ. ಇಷ್ಟು ಓದಿ ಒಂದು ಮಿಕ್ಸಿ ಬರಲ್ಲ ಅಂದರೆ ಏನು ಓದಿದ ಹಾಗಾಯಿತು ಎಂದು ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದನಂತೆ. ತಿರುಗಲಿ ಬಿಡಿ. ಅವಳ ಗಂಡ ಕನ್ನಡಕದಂಗಡಿಯವನು, ಅವನ ಹತ್ತಿರ ಯಾರೂ ಕಿಟಕಿಯ ಗಾಜು ಹಾಕಿಕೊಡು ಎಂದು ಬರುವುದಿಲ್ಲ. ಆ ಪುಣ್ಯ ಅವನೊಬ್ಬನದೇ.

ಅವಳ ಕಂಪನಿ ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಒಂದೇ ಹಾಲು, ಗೋಡೆಗೆ ಒರಗಿಸಿದ ಮೇಜುಗಳು, ಕಾಲಿಗೆ ತೊಡರುವ ವಯರುಗಳು. ಕಿಟಕಿ ತೆರೆದರೆ ಕೆಳಗಿನ ದರ್ಜಿಯ ಮಷೀನಿನ ಸದ್ದು, ಮುಚ್ಚಿದರೆ ಬಾಸಿನ ಸದ್ದು. ಬಾಸು ಸದಾ ಫೋನಿನಲ್ಲಿ "ಆಗೋಯ್ತು ಸರ್, ಆಗೋಯ್ತು" ಎನ್ನುತ್ತಲೇ ಇರುವ ಮನುಷ್ಯ. ಆಗದ ಕೆಲಸವನ್ನು ಆಗಿದೆ ಅನ್ನುವುದು ಅವನ ಕೆಲಸ, ಆಮೇಲೆ ಅದನ್ನು ನಿಜವಾಗಿ ಆಗುವಂತೆ ಮಾಡುವುದು ರೀಸ್ಟಾರ್ಟ್ ಅಕ್ಕನ ಕೆಲಸ. ಇಬ್ಬರೂ ಹೀಗೇ ಸಂಸಾರ ತೂಗಿಸಿಕೊಂಡು ಬಂದಿದ್ದರು.

ಆಗ ಅವಳ ಕೈಯಲ್ಲಿದ್ದದ್ದು ನಗರದ ದೊಡ್ಡ ಬಸ್ ನಿಲ್ದಾಣದ ಕೆಲಸ. ಬಸ್ಸು ಬಂದರೆ, ತಡವಾದರೆ, ನಿಲ್ಲುವ ಜಾಗ ಬದಲಾದರೆ, ಹೊರಟರೆ ಪ್ರೋಗ್ರಾಮ್ ತಾನಾಗಿಯೇ ತಿಳಿದುಕೊಂಡು ಬೋರ್ಡಿನ ಮೇಲೆ ಬಸ್ಸಿನ ಹೆಸರು ಮಿನುಗಿಸಬೇಕು, ಸ್ಪೀಕರಿನಲ್ಲಿ ತಕ್ಕ ಮಾತು ಹೇಳಿಸಬೇಕು. ಕೇಳುವುದಕ್ಕೆ ಇಷ್ಟೇ. ಆದರೆ ನಿಲ್ದಾಣದ ಯಜಮಾನರು ಒಪ್ಪಬೇಕಲ್ಲ! ಅವರು ಇಸ್ತ್ರಿ ಮುರಿಯದ ಅಂಗಿಯ, ನಕ್ಕರೆ ಸಂಬಳ ಕಡಿತವಾಗುತ್ತದೇನೋ ಎನ್ನುವಂಥ ಮನುಷ್ಯ. ಮೊದಲ ಸಲ ತೋರಿಸಿದಾಗ, ಹೋಗಿಯೇಬಿಟ್ಟಿದ್ದ ಬಸ್ಸನ್ನು ಬೋರ್ಡು ಬರಮಾಡಿಕೊಂಡಿತು. ಎರಡನೇ ಸಲ ಎಲ್ಲ ಬಸ್ಸುಗಳನ್ನೂ ಒಂದೇ ಜಾಗದಲ್ಲಿ ನಿಲ್ಲಿಸಿತು. "ಆಫೀಸಿನ ನನ್ನ ಮಷೀನ್‌ನಲ್ಲಿ ಸರಿಯಾಗೇ ಇತ್ತು ಸಾರ್" ಎಂದು ಅವಳು ಹೇಳಿದ್ದಕ್ಕೆ ಯಜಮಾನರು, "ಹಾಗಾದ್ರೆ ಬಸ್ಸುಗಳನ್ನ ನಿಮ್ಮ ಆಫೀಸಿಗೇ ಕಳಿಸ್ಲಾ?" ಎಂದು ಕೇಳಿದರು. ಪ್ರೋಗ್ರಾಮ್ ಬರೆಯುವ ಜಾತಿಗೆಲ್ಲ ಇದೊಂದು ಹಾಳು ಚಟ. ತನ್ನ ಮಷೀನಿನಲ್ಲಿ ಸರಿಯಿದ್ದರೆ ಜಗತ್ತೇ ಸರಿಯಿದೆ ಎಂದುಕೊಳ್ಳುವುದು. ಮೂರನೇ ಸಲವೂ ಹೀಗಾದರೆ ಕೆಲಸ ಬೇರೆಯವರ ಪಾಲು ಎಂದು ಬಾಸು ಎಚ್ಚರಿಸಿದ.

ಸ್ಪೀಕರಿನ ಮಾತಿಗೆಂದು ಹೆಸರಾಂತ ದನಿಯವರೊಬ್ಬರನ್ನು ಗೊತ್ತುಮಾಡಿದ್ದರು. ರೇಷ್ಮೆಯಂಥ ದನಿ. ಆದರೆ ಆ ರೇಷ್ಮೆಗೆ ಗಂಟಲು ಕಟ್ಟಿ, ಧ್ವನಿಮುದ್ರಣ ಮುಂದೆ ಮುಂದೆ ಹೋಗುತ್ತಲೇ ಇತ್ತು. ಅಲ್ಲಿಯವರೆಗೆ ಪ್ರೋಗ್ರಾಮ್ ಓಡಿಸಿ ನೋಡುವುದಕ್ಕೆ ಯಾವುದಾದರೂ ದನಿ ಬೇಕಲ್ಲ? ಅವಳು ತನ್ನ ಮೊಬೈಲ್ ತೆರೆದಳು. ಅಲ್ಲಿ ಅಮ್ಮನ ದನಿ ರಾಶಿ ಬಿದ್ದಿತ್ತು.

ಅಮ್ಮ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವಳು. ಸೀಟಿ ಕೊಟ್ಟಿದ್ದರೂ ಊದಿದವಳಲ್ಲ, ಬಾಯಿಯೇ ಸಾಕಾಗಿತ್ತು. ಮೈದಾನದ ಈ ತುದಿಯಲ್ಲಿ ನಿಂತು "ಲೇಸ್ ಕಟ್ಕೊಳ್ಳೋ!" ಎಂದರೆ ಆ ತುದಿಯಲ್ಲಿ ಆಡುತ್ತಿದ್ದವರೆಲ್ಲ ಬಗ್ಗಿ ತಮ್ಮ ತಮ್ಮ ಲೇಸು ನೋಡಿಕೊಳ್ಳುತ್ತಿದ್ದರು. ಟೈಪ್ ಮಾಡುವುದೆಂದರೆ ಅವಳಿಗೆ ಆಗದು. ಹೇಳುವುದನ್ನೆಲ್ಲ ಫೋನಿಗೆ ಕೂಗಿ ಕಳಿಸಿಬಿಡುತ್ತಿದ್ದಳು. ಬೇರೆ ಊರಿನಲ್ಲಿದ್ದಾಗ ಮಾತ್ರವಲ್ಲ, ಮಂಡಿಯ ಆಪರೇಷನ್ ಆಗಿ ಮಗಳ ಮನೆಗೆ ಬಂದು ಉಳಿದ ಮೇಲೂ ಅಡುಗೆಮನೆಯಿಂದ ಹಾಲಿಗೆ ಸಂದೇಶ ಕಳಿಸುತ್ತಿದ್ದಳು. ಮೊದಲು ಗೋಡೆಯಾಚೆಯಿಂದ ಅಮ್ಮನ ದನಿ ನೇರವಾಗಿ ಕೇಳುತ್ತಿತ್ತು, ಆಮೇಲೆ ಅದೇ ಮಾತು ಟಿಣ್ ಎಂದು ಫೋನಿನಲ್ಲಿ ಬರುತ್ತಿತ್ತು.

ರೀಸ್ಟಾರ್ಟ್ ಅಕ್ಕ ಅದರಿಂದ ನಾಲ್ಕು ಆರಿಸಿಕೊಂಡಳು. ಬಸ್ಸು ಬಂತು ಎನ್ನುವುದಕ್ಕೆ, ಎಂದೋ ಆಟೋ ಬಂದಾಗ ಅಮ್ಮ ಕೂಗಿದ್ದು: "ಬಂತು ಬಂತು! ಏಯ್, ಓಡ್ಬೇಡ ಕಣೇ, ಬಿದ್ದು ಹಲ್ಲು ಮುರ್ಕೋತೀಯ!" ತಡವಾಗಿದೆ ಎನ್ನುವುದಕ್ಕೆ, ರಿಪೇರಿಗೆ ಹೋದ ವಾಷಿಂಗ್ ಮಷೀನಿನ ಬಗ್ಗೆ ಹೇಳಿದ್ದು: "ಇನ್ನೂ ಬಂದಿಲ್ಲ ಕಣೇ. ಯಾಕೆ ಅಂತ ನನ್ನ ಕೇಳ್ಬೇಡ, ನಂಗೇನ್ ಗೊತ್ತು? ಸುಮ್ನೆ ಕೂತ್ಕೋ, ಬಂದಾಗ ಬರುತ್ತೆ." ಜಾಗ ಬದಲಾಗಿದೆ ಎನ್ನುವುದಕ್ಕೆ, ಔಷಧಿ ಅಂಗಡಿಗೆ ದಾರಿ ಹೇಳಿದ್ದು: "ಆ ಕಡೆ ಅಲ್ವೇ, ಈ ಕಡೆ! ಎಷ್ಟು ಸಲ ಹೇಳ್ಬೇಕು ನಿಂಗೆ, ಈ ಕಡೆ!" ಹೊರಡುತ್ತಿದೆ ಎನ್ನುವುದಕ್ಕೆ, ದಿನಾ ಬೆಳಗ್ಗೆ ಬರುತ್ತಿದ್ದದ್ದು: "ಹೊರಟೇಬಿಟ್ಯಾ? ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ? ತಿಂದು ಹೋಗೇ, ಪ್ರಪಂಚ ಎಲ್ಲೂ ಓಡಿಹೋಗಲ್ಲ!"

ಪರೀಕ್ಷೆಗೆಂದು ಇದನ್ನು ಓಡಿಸಿದ ದಿನ ಆಫೀಸಿನಲ್ಲಿ ಯಾರೂ ಕೆಲಸ ಮಾಡಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಅದಕ್ಕೊಂದು ಸಾಲನ್ನೂ ಸೇರಿಸಿದಳು. ಯಾವುದೇ ಕಾರಣಕ್ಕೆ ಅಸಲಿ ದನಿ ಸಿಗದೇ ಹೋದರೆ ಸ್ಪೀಕರ್ ಮೂಕವಾಗಿ ಕೂರುವುದು ಬೇಡ, ಪರೀಕ್ಷೆಯ ದನಿಯನ್ನೇ ಹಾಕಲಿ ಎಂದು. ಅಸಲಿ ದನಿ ಬಂದ ಮೇಲೆ ಇದನ್ನೆಲ್ಲ ತೆಗೆದುಹಾಕಿದರಾಯಿತು ಎಂದುಕೊಂಡಳು. 'ಆಮೇಲೆ ತೆಗೆದರಾಯಿತು' ಎಂದು ಪ್ರೋಗ್ರಾಮಿನಲ್ಲಿ ಇಟ್ಟದ್ದನ್ನು ಯಾರಾದರೂ ಆಮೇಲೆ ತೆಗೆದದ್ದುಂಟೇ? ಉಂಟೆಂದು ಹೇಳುವವರಿದ್ದರೆ ಅವರ ಕಾಲಿಗೆ ಬೀಳಬೇಕು.

ಇಷ್ಟರಲ್ಲಿ ಮನೆಯಲ್ಲಿ ಒಂದು ಯಡವಟ್ಟಾಯಿತು. ಅವತ್ತು ಅವಳು ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಬಾಸು, ನಿಲ್ದಾಣದ ಯಜಮಾನರು, ಇನ್ನೂ ಒಂದಿಬ್ಬರು ದೊಡ್ಡವರು. ಎರಡನೇ ಸಲ ಏನು ತಪ್ಪಾಯಿತು ಎಂದು ಅವಳು ಬೆವರುತ್ತಾ ವಿವರಿಸುತ್ತಿದ್ದಾಗ ಬಚ್ಚಲಿನಿಂದ ಅಮ್ಮನ ದನಿ ಬಂತು. "ಏಯ್! ಬಿಸಿನೀರು ಬರ್ತಿಲ್ಲ ಕಣೇ! ತಲೆಗೆ ಸೋಪು ಹಚ್ಕೊಂಡು ನಿಂತಿದೀನಿ!" ದೊಡ್ಡವರೊಬ್ಬರು ಕೆಮ್ಮಿದರು, ಇನ್ನೊಬ್ಬರು ಕ್ಯಾಮೆರಾ ಆರಿಸಿಕೊಂಡು ನಕ್ಕರು. ಯಜಮಾನರು ಮಾತ್ರ ನಗದೆ, "ಮೊದ್ಲು ಅದನ್ನ ನೋಡಿ ಮೇಡಂ" ಎಂದರು. ಅವಳಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಮೀಟಿಂಗ್ ಮುಗಿದದ್ದೇ ಎದ್ದು ಹೋಗಿ ಅಮ್ಮನ ಮೇಲೆ ಹರಿಹಾಯ್ದಳು. "ಅಮ್ಮಾ, ನಿಂಗೆ ಮೆತ್ತಗೆ ಮಾತಾಡೋಕೇ ಬರಲ್ವಾ? ಇದು ಮನೆ, ಮೈದಾನ ಅಲ್ಲ! ನಾಲ್ಕು ಜನರ ಮುಂದೆ ನನ್ನ ಮರ್ಯಾದೆ ಹೋಯ್ತು!"

ಅಮ್ಮ ತಲೆ ಒರೆಸಿಕೊಳ್ಳುತ್ತಿದ್ದವಳು ಒರೆಸಿಕೊಳ್ಳುತ್ತಲೇ ನಿಂತಳು. "ಹೌದಾ" ಎಂದಳು. ಅಷ್ಟೇ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಮಾರನೆಯ ದಿನದಿಂದ ಅಮ್ಮ ಪಿಸುಮಾತು ಶುರು ಮಾಡಿದಳು. ಮುನಿಸಿನಿಂದಲ್ಲ, ಅದೇ ಕಷ್ಟ. ಮುನಿಸಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಮಗಳ ಕೆಲಸಕ್ಕೆ ತೊಂದರೆಯಾಗಬಾರದೆಂದು ಅವಳು ನಿಜವಾಗಿಯೂ ಮನಸಾರೆ ಮೆತ್ತಗಾಗಿದ್ದಳು. ಪಾತ್ರೆ ಸದ್ದಾಗದಂತೆ ಇಡುವಳು. ಬಾಗಿಲಲ್ಲಿ ನಿಂತು ಕೈಸನ್ನೆಯಲ್ಲಿ ಊಟಕ್ಕೆ ಕರೆಯುವಳು. ಫೋನಿಗೆ ಕೂಗುವುದನ್ನೂ ಬಿಟ್ಟಳು. ಒಂದು ಮಧ್ಯಾಹ್ನ ಮಗಳ ಮೊಬೈಲಿಗೆ ಅಮ್ಮನಿಂದ ಟೈಪ್ ಮಾಡಿದ ಸಂದೇಶ ಬಂತು. 'ಸರಿ' ಎಂದಿತ್ತು. ಆ ಎರಡು ಅಕ್ಷರ ಹುಡುಕಲು ಅಮ್ಮ ಎಷ್ಟು ಹೊತ್ತು ಕನ್ನಡಕ ಏರಿಸಿಕೊಂಡು ಕೂತಿದ್ದಳೋ.

"ಮನೆ ಬಿಕೋ ಅಂತಿದೆ" ಎಂದು ಗಂಡ ಹೇಳಿದ. "ನಮ್ಮತ್ತೆ ಇದಾರೋ ಇಲ್ವೋ ಅಂತ ಗೊತ್ತಾಗೋಕೆ ಈಗ ಕನ್ನಡಕ ಹಾಕ್ಕೊಂಡು ಹುಡುಕ್ಬೇಕು. ಹೋಗಿ ಒಂದು ಮಾತು ಹೇಳ್ಬಾರ್ದಾ?"

ಹೇಳಬೇಕೆಂದು ಅವಳಿಗೂ ಇತ್ತು. ಆದರೆ ತಪ್ಪಾಯ್ತು ಎಂಬ ಮಾತು ಆ ತಾಯಿ ಮಕ್ಕಳ ವಂಶದಲ್ಲೇ ಇರಲಿಲ್ಲ. ಜಗಳವಾದರೆ ಒಬ್ಬರಿಗೊಬ್ಬರು ಬಡಿಸಿಕೊಂಡು ಉಂಡು ಸರಿಮಾಡಿಕೊಂಡೇ ಬಂದವರು. ಅವಳು ಅಮ್ಮನ ಹತ್ತಿರ ಹೋಗುವಳು, ಗಂಟಲಿನವರೆಗೆ ಮಾತು ಬರುವುದು, ಬಾಯಿಂದ ಮಾತ್ರ "ಫೋನ್ ಚಾರ್ಜ್ ಇದ್ಯಾ?" ಎಂದು ಹೊರಡುವುದು. ಅಮ್ಮ "ಇದೆ" ಎಂದು ಪಿಸುಗುಡುವಳು. ಆಫೀಸಿಗೆ ಹೋಗಿ, ಪರೀಕ್ಷೆ ಎಂಬ ನೆಪದಲ್ಲಿ ಗುಂಡಿ ಒತ್ತಿ ಒತ್ತಿ ಅವಳು ಅಮ್ಮನ ಹಳೆಯ ದನಿ ಕೇಳುತ್ತಿದ್ದಳು. 'ಹೊರಟೇಬಿಟ್ಯಾ? ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ?' ಈಗ ಯಾರೂ ನಗುತ್ತಿರಲಿಲ್ಲ. "ಅದು ಸರಿಯಾಗೇ ಇದೆಯಲ್ಲಕ್ಕ, ಎಷ್ಟು ಸಲ ನೋಡ್ತೀಯಾ?" ಎಂದು ಪಕ್ಕದವಳು ಕೇಳಿದರೆ, "ಇನ್ನೊಂದ್ಸಲ" ಎನ್ನುವಳು.

ಕೊನೆಗೊಂದು ದಿನ ಊಟದ ಹೊತ್ತಿಗೆ ಅಮ್ಮ ಮೆಲ್ಲಗೆ ಹೇಳಿದಳು. "ಮಂಡಿ ಸರಿಹೋಯ್ತಲ್ಲ. ನಿನ್ನ ತಮ್ಮನ ಮನೆಗೆ ಹೋಗ್ತೀನಿ. ಅಲ್ಲೇ ಇರ್ತೀನಿ ಇನ್ಮೇಲೆ. ಅವ್ನ ಮನೇಲಿ ಹೇಗಿದ್ರೂ ಗಲಾಟೆ, ನನ್ನದೊಂದು ಸೇರಿದ್ರೆ ಗೊತ್ತಾಗಲ್ಲ."

ಹೊರಡುವುದು ಎಂದು? ನಿಲ್ದಾಣದಲ್ಲಿ ಪ್ರೋಗ್ರಾಮ್ ಶುರುವಾಗುವ ದಿನವೇ. ಬಸ್ಸೂ ಅದೇ ನಿಲ್ದಾಣದ್ದೇ. ಹೋಗಬೇಡ ಎನ್ನುವುದಕ್ಕೆ ಬಾಯಿ ತೆರೆದಳು. "ಚಾರ್ಜರ್ ಮರೀಬೇಡ" ಎಂದಳು. ಗಂಡ ಹಣೆ ಚಚ್ಚಿಕೊಂಡ.

ರೇಷ್ಮೆಯ ದನಿ ಅಂತೂ ಕೊನೆಯ ಗಳಿಗೆಯಲ್ಲಿ ಬಂತು. ಅವಳು ಅದನ್ನು ತನ್ನ ಮಷೀನಿಗೆ ಇಳಿಸಿಕೊಂಡು ಓಡಿಸಿ ನೋಡಿದಳು, ಎಲ್ಲ ಸೊಗಸಾಗಿತ್ತು. ಪ್ರೋಗ್ರಾಮನ್ನು ಕಟ್ಟಿ ನಿಲ್ದಾಣದ ಕಂಪ್ಯೂಟರಿಗೆ ಸೇರಿಸಿ ಬಂದಳು. ಅಲ್ಲಿ ಬೋರ್ಡುಗಳನ್ನೆಲ್ಲ ಓಡಿಸಿ ತೋರಿಸಿದ್ದಾಯಿತು. ಸ್ಪೀಕರ್ ಹಾಕಿ ನೋಡೋಣ ಎಂದರೆ ಯಜಮಾನರು ಬಿಡಲಿಲ್ಲ. "ಸುಮ್‌ಸುಮ್ನೆ ಬಸ್ ಬಂತು ಅಂತ ಕೂಗಿದ್ರೆ ಜನ ಓಡಿ ಬಂದು ನನ್ನ ಕುತ್ತಿಗೆಗೆ ಬೀಳ್ತಾರೆ. ಅದೇನಿದ್ರೂ ಆ ದಿನವೇ ನೋಡೋಣ."

ಆ ದಿನ ಬೆಳಗ್ಗೆ ಅವಳು ಬೇಗ ಹೋಗಿ ನಿಯಂತ್ರಣ ಕೊಠಡಿಯಲ್ಲಿ ಕೂತಳು. ಮೊದಲ ಮಹಡಿಯ ಆ ಕೊಠಡಿಗೆ ಉದ್ದಕ್ಕೂ ಗಾಜಿನ ಕಿಟಕಿ, ಕೆಳಗೆ ಇಡೀ ನಿಲ್ದಾಣ ಅಂಗೈ ಮೇಲಿಟ್ಟಂತೆ ಕಾಣುತ್ತಿತ್ತು. ಒಂದು ಪಕ್ಕದಲ್ಲಿ ಬಾಸು ಕೈ ಹೊಸೆಯುತ್ತಾ ನಿಂತಿದ್ದ, ಇನ್ನೊಂದು ಪಕ್ಕದಲ್ಲಿ ಯಜಮಾನರು ಕೈ ಕಟ್ಟಿಕೊಂಡು. ಕೆಳಗೆ ಬಾಳೆಹಣ್ಣಿನ ಗಾಡಿಯ ಪಕ್ಕದ ಬೆಂಚಿನ ಹತ್ತಿರ ಅಮ್ಮ ಕಂಡಳು. ನೀಲಿ ಬ್ಯಾಗು, ಬ್ಯಾಗು ಹಿಡಿದ ಅಳಿಯ. ಅಮ್ಮ ಏನೋ ಕೇಳಿದಳು, ಅಳಿಯ ಕಿವಿ ಹತ್ತಿರ ತಂದು ಬಗ್ಗಿದ. ಇಷ್ಟು ಗದ್ದಲದ ಜಾಗದಲ್ಲೂ ಅಮ್ಮ ಪಿಸುಗುಡುತ್ತಿದ್ದಳು. ಅದನ್ನು ನೋಡುತ್ತಲೇ ಮಗಳು ಕಣ್ಣು ಒರೆಸಿಕೊಂಡು ಗುಂಡಿ ಒತ್ತಿದಳು.

ಬೋರ್ಡು ಬೆಳಗಿತು. ಮೊದಲ ಬಸ್ಸಿನ ಹೆಸರು ಸರಿಯಾದ ಜಾಗದಲ್ಲಿ ಮಿನುಗಿತು. ಬಾಸು "ಆಗೋಯ್ತು ಸರ್" ಎನ್ನಲು ಬಾಯಿ ತೆರೆದ. ಸ್ಪೀಕರ್ ಟಿಂಗ್ ಟಾಂಗ್ ಎಂದಿತು. ಆಮೇಲೆ ನಿಲ್ದಾಣದ ಎಲ್ಲ ಮೂಲೆಗಳಿಂದ ಒಟ್ಟಿಗೆ, "ಬಂತು ಬಂತು! ಏಯ್, ಓಡ್ಬೇಡ ಕಣೇ, ಬಿದ್ದು ಹಲ್ಲು ಮುರ್ಕೋತೀಯ!"

ಬಸ್ಸಿನ ಕಡೆ ಓಡುತ್ತಿದ್ದವರೆಲ್ಲ ಗಕ್ಕನೆ ನಿಂತರು. ಸೂಟ್‌ಕೇಸ್ ಹೊತ್ತಿದ್ದ ದಪ್ಪ ಮೀಸೆಯ ಗಂಡಸೊಬ್ಬ ಆಚೀಚೆ ನೋಡಿ, ನಡೆಯಲು ಶುರು ಮಾಡಿದ.

ಅವಳಿಗೆ ಏನಾಗಿದೆಯೆಂದು ತಕ್ಷಣ ಹೊಳೆಯಿತು. ರೇಷ್ಮೆಯ ದನಿಯನ್ನು ಅವಳು ಇಳಿಸಿಟ್ಟದ್ದು ತನ್ನ ಮಷೀನಿನ ಬೇರೆಯದೇ ಜಾಗದಲ್ಲಿ. ಪ್ರೋಗ್ರಾಮ್ ಕಟ್ಟುವಾಗ ಅದು ಗಂಟಿನೊಳಗೆ ಸೇರಿಯೇ ಇರಲಿಲ್ಲ. ಇಲ್ಲಿಯ ಕಂಪ್ಯೂಟರ್ ಅಸಲಿ ದನಿ ಹುಡುಕಿತು, ಸಿಗಲಿಲ್ಲ, ಹೇಳಿಕೊಟ್ಟ ಬುದ್ಧಿಯಂತೆ ಪರೀಕ್ಷೆಯ ದನಿ ಹಾಕಿತು. ಅವಳ ಮಷೀನಿನಲ್ಲಿ ಸರಿಯಾಗೇ ಇತ್ತು! ಮಾಡಿದ್ದುಣ್ಣೋ ಮಹಾರಾಯ.

"ಏನ್ರೀ ಇದು?" ಯಜಮಾನರ ದನಿ ಗುಡುಗಿತು. "ಬಸ್ ಸ್ಟ್ಯಾಂಡೋ ನಿಮ್ಮ ಅಡುಗೆಮನೆಯೋ?"

"ಎರಡೇ ನಿಮಿಷ ಸಾರ್, ನನ್ನ ಲ್ಯಾಪ್‌ಟಾಪಲ್ಲಿ ಅಸಲಿ ದನಿ ಇದೆ, ಹಾಕಿಬಿಡ್ತೀನಿ." ಅವಳು ಲ್ಯಾಪ್‌ಟಾಪ್ ತೆರೆದಳು. ಅದು ಅಲುಗಾಡಲಿಲ್ಲ. ಜೀವಮಾನವೆಲ್ಲ ಊರಿಗೆ ಹಂಚಿದ ಮದ್ದನ್ನು ತಾನೇ ಕುಡಿದಳು, ರೀಸ್ಟಾರ್ಟ್ ಮಾಡಿದಳು. ಪರದೆಯ ಮೇಲೆ ನೀಲಿ ಚಕ್ರವೊಂದು ತಿರುಗುತ್ತಾ, 'ಹೊಸ ಸೌಲಭ್ಯಗಳನ್ನು ಅಳವಡಿಸಲಾಗುತ್ತಿದೆ, ದಯವಿಟ್ಟು ಆರಿಸಬೇಡಿ' ಎಂದಿತು. ಇಂಥ ಹೊತ್ತು ನೋಡಿಕೊಂಡೇ ಈ ಯಂತ್ರಗಳಿಗೆ ಹೊಸ ಸೌಲಭ್ಯ ನೆನಪಾಗುತ್ತದೆ, ಅವುಗಳ ಮನೆ ಹಾಳಾಗ!

"ಎಲ್ಲ ನಿಲ್ಸಿ ಹಾಗಾದ್ರೆ" ಎಂದರು ಯಜಮಾನರು.

"ನಿಲ್ಲಿಸಿದ್ರೆ ಬೋರ್ಡೂ ಆರಿಹೋಗುತ್ತೆ ಸಾರ್" ಎಂದು ಬಾಸು ಅಳುವ ದನಿಯಲ್ಲಿ ಹೇಳಿದ.

ಅಷ್ಟರಲ್ಲಿ ಟಿಂಗ್ ಟಾಂಗ್. ಬೋರ್ಡಿನಲ್ಲಿ ಮಿನುಗಿದ್ದು ತಮ್ಮನ ಊರಿನ ಬಸ್ಸು. "ಇನ್ನೂ ಬಂದಿಲ್ಲ ಕಣೇ. ಯಾಕೆ ಅಂತ ನನ್ನ ಕೇಳ್ಬೇಡ, ನಂಗೇನ್ ಗೊತ್ತು? ಸುಮ್ನೆ ಕೂತ್ಕೋ, ಬಂದಾಗ ಬರುತ್ತೆ."

ಕೆಳಗೆ ನಿಂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ನಕ್ಕರು. ಆಮೇಲೆ, ನಂಬಿದರೆ ನಂಬಿ, ಒಬ್ಬೊಬ್ಬರಾಗಿ ಎಲ್ಲರೂ ಕೂತರು. ವಿಚಾರಣೆಯ ಕಿಂಡಿಗೆ ಮುತ್ತಿಕೊಂಡು "ಯಾಕ್ರೀ ಲೇಟು?" ಎಂದು ಗಲಾಟೆ ಮಾಡುತ್ತಿದ್ದವರೂ ಬಂದು ಕೂತರು. ಕೂರದೆ ನಿಂತದ್ದು ಒಬ್ಬಳೇ, ಅಮ್ಮ. ಕತ್ತೆತ್ತಿ ಸ್ಪೀಕರನ್ನೇ ನೋಡುತ್ತಾ ಕಂಬದಂತೆ ನಿಂತಿದ್ದಳು. ಅಳಿಯ ಬೇರೆಲ್ಲೋ ನೋಡುತ್ತಿದ್ದ, ಅವನ ಭುಜ ಮಾತ್ರ ನಗುವಿನಿಂದ ಕುಣಿಯುತ್ತಿತ್ತು.

ರೀಸ್ಟಾರ್ಟ್ ಅಕ್ಕನಿಗೆ ಲ್ಯಾಪ್‌ಟಾಪು ಮರೆತುಹೋಯಿತು, ಯಜಮಾನರೂ ಮರೆತುಹೋದರು. ಉಳಿದದ್ದು ಒಂದೇ ಭಯ. ಅಮ್ಮ ಏನೆಂದುಕೊಂಡಾಳು? ಮೊದಲು ಬಾಯಿ ಮುಚ್ಚಿಸಿದಳು, ಈಗ ಊರ ಮುಂದೆ ಆಡಿಕೊಂಡು ನಗುವಂತೆ ಮಾಡಿದಳು ಎಂದುಕೊಂಡರೆ? ಹಾಗೆ ಅಂದುಕೊಂಡು ಬಸ್ಸು ಹತ್ತಿಬಿಟ್ಟರೆ ಇನ್ನು ಈ ಮನೆಯ ಹೊಸ್ತಿಲು ತುಳಿಯುತ್ತಾಳೆಯೇ? ಅಷ್ಟರಲ್ಲಿ ಆ ಬಸ್ಸು ಬಂದೇಬಿಟ್ಟಿತು, ಅಮ್ಮ ಬ್ಯಾಗಿಗೆ ಕೈ ಹಾಕಿದಳು. ಮಗಳು ಎದ್ದು ಓಡಿದಳು. "ಮೇಡಂ, ಎಲ್ಲಿಗೆ?" ಎಂದು ಬಾಸು ಕೂಗಿದ್ದು ಮೆಟ್ಟಿಲ ಮೇಲೆಯೇ ಉಳಿಯಿತು.

ಅವಳು ಜನರ ನಡುವೆ ನುಗ್ಗಿ ತಲುಪುವಷ್ಟರಲ್ಲಿ ಬ್ಯಾಗು ಒಳಗೆ ಹೋಗಿತ್ತು, ಡ್ರೈವರ್ ಗಾಡಿ ಶುರು ಮಾಡಿದ್ದ, ಅಮ್ಮನ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಟಿಂಗ್ ಟಾಂಗ್ ಎಂದಿತು. "ಹೊರಟೇಬಿಟ್ಯಾ? ಹೊಟ್ಟೆಗೆ ಏನಾದ್ರೂ ಹಾಕ್ಕೊಂಡ್ಯಾ? ತಿಂದು ಹೋಗೇ, ಪ್ರಪಂಚ ಎಲ್ಲೂ ಓಡಿಹೋಗಲ್ಲ!"

ಡ್ರೈವರ್ ಬೆಳಗಿನಿಂದ ಏನೂ ತಿಂದಿರಲಿಲ್ಲವೋ ಏನೋ, ಗಾಡಿ ಆರಿಸಿ, "ಹೌದಲ್ವಾ" ಎಂದುಕೊಂಡು ಬಾಳೆಹಣ್ಣು ಕೊಳ್ಳಲು ಇಳಿದ. ಬಸ್ಸಿನ ತುಂಬ ನಗು. ಅಮ್ಮ ಹಾಗೆಯೇ ಹಿಂದಕ್ಕೆ ತಿರುಗಿದಳು. ಎದುರಿಗೆ ಏದುಸಿರು ಬಿಡುತ್ತಾ ಮಗಳು.

"ಅದು ನಾನಲ್ವೇನೇ?" ಅಮ್ಮ ಪಿಸುಗುಟ್ಟಿದಳು.

"ನೀನೇ ಅಮ್ಮ."

"ನನ್ನ ದನಿ ಯಾಕೆ ಅಲ್ಲಿ ಹಾಕಿದೀಯ? ನಾಲ್ಕು ಜನ ಇರೋ ಕಡೆ ಮರ್ಯಾದೆ ಹೋಗುತ್ತೆ ಅಂತಿದ್ದೆ."

ಎಂದಿನಂತೆ ಚಾರ್ಜರ್ ಎಂಬ ಪದ ಮಗಳ ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು. "ತಪ್ಪಾಯ್ತಮ್ಮ. ಅವತ್ತು ಹಾಗೆ ಅನ್ಬಾರ್ದಿತ್ತು. ನೀನು ಪಿಸುಗುಟ್ಟೋಕೆ ಶುರು ಮಾಡಿದ್ಮೇಲೆ ಮನೇಲಿ ಇರೋಕೇ ಆಗ್ತಿಲ್ಲ ನಂಗೆ. ಆಫೀಸಲ್ಲಿ ಕೂತು ಇದನ್ನೇ ಮತ್ತೆ ಮತ್ತೆ ಹಾಕ್ಕೊಂಡು ಕೇಳ್ತಿದ್ದೆ. ಇಲ್ಲಿ ಬಂದಿದ್ದು ನನ್ನ ತಪ್ಪಿನಿಂದ, ನಿನ್ನ ನಗೆಪಾಟಲು ಮಾಡೋಕಲ್ಲ. ಹೋಗ್ಬೇಡ ಅಮ್ಮ." ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂದುಬಿಟ್ಟಿತು.

ಅಮ್ಮ ಒಂದು ಗಳಿಗೆ ಅವಳನ್ನೇ ನೋಡಿದಳು. ಸ್ಪೀಕರನ್ನು ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಎದೆತುಂಬ ಉಸಿರೆಳೆದುಕೊಂಡಳು.

"ಇದನ್ನ ಮನೇಲೇ ಬಾಯ್ಬಿಟ್ಟು ಹೇಳೋಕೆ ನಿಂಗೇನಾಗಿತ್ತೇ ದಾಡಿ? ಚಾರ್ಜರ್ ಚಾರ್ಜರ್ ಅಂತ ನನ್ನ ಪ್ರಾಣ ತಿಂದೆ! ಇಡೀ ಬಸ್ ಸ್ಟ್ಯಾಂಡಿಗೆಲ್ಲ ಕೂಗಿಸಿ ಹೇಳ್ಬೇಕಿತ್ತಾ?"

ಚಾವಣಿಯ ಮೇಲಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಇದೂ ಸ್ಪೀಕರಿನಿಂದಲೇ ಬಂತೆಂದು ದೂರದ ಬೆಂಚಿನವರು ಬೋರ್ಡು ನೋಡಿದರು. ಕಂಡಕ್ಟರ್ ಕಿವಿಯಲ್ಲಿ ಬೆರಳಾಡಿಸಿಕೊಂಡು ಕೇಳಿದ. "ಅಮ್ಮಾ, ಹತ್ತೋದಾ, ಇಳಿಯೋದಾ?"

"ಬ್ಯಾಗ್ ಇಳ್ಸಪ್ಪಾ. ಹೋಗೋವಾಗ ಹೋದ್ರಾಯ್ತು, ಪ್ರಪಂಚ ಎಲ್ಲೂ ಓಡಿಹೋಗಲ್ಲ." ಅಳಿಯ ಬ್ಯಾಗಿಗೆ ಕೈ ಚಾಚಿ ಆಗಲೇ ಸಿದ್ಧನಾಗಿ ನಿಂತಿದ್ದ.

ಲ್ಯಾಪ್‌ಟಾಪಿಗೆ ಸೌಲಭ್ಯಗಳಿಂದ ಹೊಟ್ಟೆ ತುಂಬಿದ ಮೇಲೆ ರೇಷ್ಮೆಯ ದನಿ ಸೇರಿಸಿದ್ದಾಯಿತು. ಅದು ಮಧುರವಾಗಿ, ಸ್ಪಷ್ಟವಾಗಿ, ಯಾರೂ ಕಿವಿಗೊಡದ ಹಾಗೆ ಹೇಳುತ್ತಾ ಹೋಯಿತು. ಯಜಮಾನರು ರುಜು ಹಾಕಿದರು. ಬಾಸು ಕೊನೆಗೂ ನಿಜವಾದ "ಆಗೋಯ್ತು ಸರ್" ಎಂದ. ಆದರೆ ಮಾರನೆಯ ದಿನದಿಂದ ವಿಚಾರಣೆಯ ಕಿಂಡಿಯಲ್ಲಿ ಹೊಸ ತಲೆನೋವು ಶುರುವಾಯಿತು. ಜನ ಬಂದು, "ಆ ಅಮ್ಮ ಎಲ್ಲಿ?" ಎಂದು ಕೇಳತೊಡಗಿದರು. ಬಸ್ಸು ತಡವಾದಾಗ ಮತ್ತೆ ಕಿಂಡಿಗೆ ಮುತ್ತಿಗೆ. ಯಜಮಾನರು ಅದನ್ನೇ ಮಾತಾಡಲು ಮೀಟಿಂಗ್ ಕರೆದರು.

ಅವತ್ತೂ ಅವಳು ಮನೆಯಿಂದಲೇ ಕೂತಿದ್ದಳು. ಪರದೆಯ ಮೇಲೆ ಅದೇ ಬಾಸು, ಅದೇ ದೊಡ್ಡವರು. "ತಡ ಆಗೋದಕ್ಕೆ ಮಾತ್ರ ಹಳೇ ದನಿನೇ ಇರ್ಲಿ" ಎಂದು ಯಜಮಾನರು ಎಲ್ಲೋ ನೋಡುತ್ತಾ ಹೇಳುತ್ತಿದ್ದರು. "ಜನ ಕೂತ್ಕೋತಾರೆ. ನಾನು ಎಷ್ಟು ವರ್ಷದಿಂದ ಹೇಳಿದ್ರೂ ಕೂತಿರ್ಲಿಲ್ಲ."

ಬಾಗಿಲಲ್ಲಿ ಅಮ್ಮ ಬಂದು ನಿಂತದ್ದು ಆಗಲೇ. ಪರದೆಯಲ್ಲಿ ದೊಡ್ಡವರನ್ನು ಕಂಡು, ಹಳೆಯ ಭಯದಿಂದ ತುಟಿಯ ಮೇಲೆ ಬೆರಳಿಟ್ಟುಕೊಂಡು, ಕೈಯನ್ನು ಬಾಯಿಯ ಹತ್ತಿರ ತಂದು ಊಟದ ಸನ್ನೆ ಮಾಡಿದಳು. ಮಗಳು ನೋಡಿದಳು. ಮೈಕು ಆರಿಸಲು ಕೈ ಹೋಯಿತು, ಅರ್ಧಕ್ಕೇ ನಿಂತಿತು. ಅವಳು ಕಿವಿಯ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಲ್ಯಾಪ್‌ಟಾಪಿನ ಸ್ಪೀಕರ್ ತೆರೆದಳು. ನಾಲ್ಕು ಜನರ ಮುಂದೆ, ಅಮ್ಮನ ಮಗಳೆಂದು ಗೊತ್ತಾಗುವ ಹಾಗೆ ಕೂಗಿದಳು.

"ಏನಮ್ಮಾ? ಜೋರಾಗಿ ಹೇಳು, ಕೇಳಿಸ್ತಿಲ್ಲ!"

ಅಮ್ಮನ ಮುಖ ಅರಳಿತು. "ಊಟಕ್ಕೆ ಬಾರೇ! ಎಲ್ಲ ಆರಿ ತಣ್ಣಗಾಗ್ತಿದೆ!"

ಪರದೆಯಲ್ಲಿ ಬಾಸು ಉಗುಳು ನುಂಗಿದ. ಯಜಮಾನರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು.

"ಹೋಗಿ ಬನ್ನಿ ಮೇಡಂ" ಎಂದರು. "ಪ್ರಪಂಚ ಎಲ್ಲೂ ಓಡಿಹೋಗಲ್ಲ."

ಅವಳು ಎದ್ದು ಊಟಕ್ಕೆ ಹೋದಳು.